ಯಾರೋ ಹೆಣೆದ ಹೊಳೆ

ಮಹಾನಂದಾ ಹೊದಿಕೆಯನ್ನು ಮಂಚದ ಮೇಲೆ ಹರಡಿ ಸಾಲುಗಳನ್ನು ಇನ್ನೊಮ್ಮೆ ಎಣಿಸಿದಳು. ನೀಲಿ ಉಲ್ಲನ್ನಿನಲ್ಲಿ ನಿನ್ನೆ ಅವಳು ಬಿಟ್ಟದ್ದು ಎರಡೇ ಸಾಲು. ಇವತ್ತು ಮೂರು ಇದ್ದವು.

ಮೂರನೆಯದನ್ನು ಅವಳು ಹೆಣೆದಿರಲಿಲ್ಲ.

“ಅವ್ವಾ, ಇವತ್ತ ಮನಿಗಿ ಯಾರ್ ಬಂದಿದ್ರು?”

ತಾಯಿ ಶಾಂತಾದೇವಿ ಬಾಗಿಲ ಹತ್ತಿರ ಕಾಲು ಚಾಚಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. “ಯಾರ್ ಬರ್ತಾರ? ಹಾಲಿನಾಕಿ ಬಂದಿದ್ಲು. ಆಡು ಒಳಗ ಬಂದಿತ್ತು, ಹೊರಗ ಹೊಡದೆ.”

ಹೇಳುವಾಗ ಅವಳು ತಲೆ ಎತ್ತಲಿಲ್ಲ. ಮಹಾನಂದಾಳಿಗೆ ಅಷ್ಟು ಸಾಕಾಗಿತ್ತು.

ಅವಳಿಗೆ ಇಪ್ಪತ್ತೊಂಬತ್ತು. ಸುರಪುರದ ತಾಲೂಕು ಕಚೇರಿಯ ಎದುರು ಜೆರಾಕ್ಸ್ ಅಂಗಡಿಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಮಂದಿಯ ಅರ್ಜಿಗಳನ್ನು ಆನ್‌ಲೈನ್‌ನಲ್ಲಿ ತುಂಬುವುದು ಅವಳ ಕೆಲಸ. ರಂಗಂಪೇಟೆಯ ಮನೆಗೆ ಬಂದು ಮುಖ ತೊಳೆದು ಛಾ ಕುಡಿದರೆ ಕೈಗೆ ಕ್ರೋಶಾ ಕಡ್ಡಿ ಬರುತ್ತಿತ್ತು. ಬಾಗಿಲ ತೋರಣ, ಕೂಸಿನ ಟೋಪಿ, ಟಿವಿಯ ಮೇಲಿನ ಹೊದಿಕೆ ಎಂದು ಊರಿಗೆಲ್ಲ ಹೆಣೆದುಕೊಟ್ಟಿದ್ದಳು. ಇದೊಂದನ್ನು ಮಾತ್ರ ಯಾರೂ ಕೇಳಿರಲಿಲ್ಲ. ತನಗಾಗಿಯೇ ಶುರು ಮಾಡಿದ್ದಳು.

ಯೂಟ್ಯೂಬಿನಲ್ಲಿ ಯಾವುದೋ ದೇಶದ ಹೆಂಗಸರು ಹೊದಿಕೆಯೊಳಗೆ ಕಾಡು, ಸಮುದ್ರ ಎಬ್ಬಿಸುವುದನ್ನು ನೋಡಿದ್ದಳು. ನಮ್ಮ ಕಡೆಯದ್ದೂ ಯಾಕೆ ಬರಬಾರದು ಅನ್ನಿಸಿತ್ತು. ಕೆಳಗಿನ ಅಂಚಿಗೆ ತೊಗರಿಯ ಹಳದಿ ಹೂವು. ಅದರ ಮೇಲೆ ಒಡೆದ ಹತ್ತಿ. ಒಂದೇ ಕುಣಿಕೆಯಲ್ಲಿ ಐದು ಸಲ ದಾರ ಎಳೆದು ಬಿಗಿದರೆ ಮೆತ್ತಗೆ ಉಬ್ಬಿ ನಿಲ್ಲುತ್ತಿತ್ತು. ಅದರ ಮೇಲೆ ಸುರಪುರದ ಗುಡ್ಡ, ಒಂದರ ಮೇಲೊಂದು ಕೂತ ಗುಂಡುಕಲ್ಲುಗಳು. ಎಲ್ಲಕ್ಕಿಂತ ಮೇಲೆ ತಿಂಥಣಿಯ ಕೃಷ್ಣೆ ಬರಬೇಕು. ಕಣ್ಣು ಮುಚ್ಚಿ ಕೈಯಾಡಿಸಿದರೂ ಎಲ್ಲಿ ಬಂದೆವು ಎಂದು ಗೊತ್ತಾಗಬೇಕು.

ಆದರೆ ಹೊಳೆ ಬರುತ್ತಿರಲಿಲ್ಲ. ಮೂರು ಸಲ ಬಿಚ್ಚಿದ್ದಳು. ಹೇಗೆ ಹೆಣೆದರೂ ನೀಲಿ ದಾರ ನೇಗಿಲು ಹೊಡೆದ ಹೊಲದ ಹಾಗೆ ಸಾಲುಸಾಲಾಗಿ ಬೀಳುತ್ತಿತ್ತು.

ಈಗ ಯಾರೋ ಹೆಣೆದ ಆ ಒಂದು ಸಾಲಿನಲ್ಲಿ ನೀರು ಅಲುಗುತ್ತಿತ್ತು.

ಕದ್ದು ಒಯ್ಯುವವರನ್ನು ಹಿಡಿಯಬಹುದು. ಕದ್ದು ಬಂದು ಕೊಟ್ಟು ಹೋಗುವವರ ಮನಸ್ಸಿನಲ್ಲಿ ಏನಿರುತ್ತದೆ? ಅವಳಿಗೆ ಅದೇ ಭಯವಾಯಿತು.

ಅನುಮಾನ ಅವಳಿಗೆ ಹುಟ್ಟುಗುಣವಲ್ಲ. ಮೂರು ವರ್ಷದ ಹಿಂದೆ ಶಹಾಪುರದ ಮೊಬೈಲ್ ಅಂಗಡಿಯವನ ಜೊತೆ ನಿಶ್ಚಿತಾರ್ಥವಾಗಿತ್ತು. ಬೆಣ್ಣೆಯಂಥ ಮಾತಿನವನು. ಒಂದು ದಿನ ಅವನ ಬೈಕಿನ ಡಿಕ್ಕಿಯಲ್ಲಿ ಊಟದ ಡಬ್ಬಿ ಇಡಲು ಹೋದಾಗ ಒಂದು ಪುಟ್ಟ ಫ್ರಾಕು ಸಿಕ್ಕಿತ್ತು. ತಂಗಿಯ ಮಗಳದ್ದು ಎಂದ. ಅವನಿಗೆ ತಂಗಿಯೇ ಇರಲಿಲ್ಲ. ಕಲಬುರಗಿಯಲ್ಲಿ ಹೆಂಡತಿಯಿದ್ದಳು, ಎರಡು ವರ್ಷದ ಮಗಳಿದ್ದಳು. ಎಲ್ಲರೂ ಸುಮ್ಮನಿರು ಅಂದರೂ ಇವಳು ಬೆನ್ನು ಹತ್ತಿ ಹೋಗಿ ಕಣ್ಣಾರೆ ಕಂಡು ಬಂದಿದ್ದಳು. ಅಂದಿನಿಂದ ಮಂದಿಯ ಮಾತಿಗಿಂತ ತನ್ನ ಅನುಮಾನವನ್ನೇ ಹೆಚ್ಚು ನಂಬಿದಳು.

ಮರುದಿನ ಕೆಲಸಕ್ಕೆ ಹೊರಡುವ ಮುಂಚೆ ಕೊನೆಯ ಕುಣಿಕೆಗೆ ಒಂದು ಕೆಂಪು ದಾರ ಗಂಟು ಹಾಕಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಳು. ಸಂಜೆ ಬಂದು ನೋಡಿದರೆ ನೀಲಿ ಸಾಲು ನಾಲ್ಕಾಗಿದ್ದವು. ಕೆಂಪು ದಾರ ಹೊಸ ಸಾಲಿನ ತುದಿಗೆ ಬಂದಿತ್ತು. ಅವಳು ಹಾಕಿದ್ದ ಒರಟು ಗಂಟಿನ ಜಾಗದಲ್ಲಿ ಈಗ ರಿಬ್ಬನ್ನಿನ ಹಾಗೆ ಒಂದು ಪುಟ್ಟ ಹೂಗಂಟು.

ಅವಳ ಮುಖ ಬಿಸಿಯಾಯಿತು. ಯಾರೋ ಅವಳ ಕಾವಲನ್ನು ಕಂಡು ನಕ್ಕಿದ್ದರು.

ಹೊದಿಕೆಯನ್ನು ಮೂಗಿಗೆ ಹಿಡಿದಳು. ದವಾಖಾನೆಯ ಔಷಧಿಯ ವಾಸನೆ. ಹತ್ತಿಯ ಉಬ್ಬುಗಳ ನಡುವೆ ಒಂದು ಕರೀ ಎಳೆ ಸಿಕ್ಕಿಕೊಂಡಿತ್ತು, ಒರಟು, ಗುಂಗುರು. ಕುರಿಯ ಕೂದಲು.

ಬಾಜೂ ಮನೆಯ ಅಖ್ತರಬೇಗಂ ಅಂಗಳದಲ್ಲಿ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಳು. ಮಹಾನಂದಾ ಗೋಡೆಯ ಮೇಲಿಂದ ಬಗ್ಗಿದಳು. “ಚಾಚಿ, ಮಧ್ಯಾಹ್ನ ನಮ್ಮನಿ ಕಡಿ…”

“ನಾ ಏನೂ ನೋಡಿಲ್ಲ ಬೇಟಿ,” ಎಂದಳು ಅಖ್ತರಬೇಗಂ, ಪ್ರಶ್ನೆ ಮುಗಿಯುವ ಮುಂಚೆಯೇ. “ನನಗ ಮೊದಲೇ ಕಣ್ಣು ಮಂಜು.”

ಸೂಜಿಯ ಕಣ್ಣಿಗೆ ಒಂದೇ ಸಲಕ್ಕೆ ದಾರ ಪೋಣಿಸುವ ಹೆಂಗಸು!

ಮೂರನೆಯ ದಿನ ತಲೆನೋವೆಂದು ಹೇಳಿ ಅವಳು ಮಧ್ಯಾಹ್ನ ಎರಡಕ್ಕೇ ಅಂಗಡಿಯಿಂದ ಹೊರಟಳು. ಮನೆ ಹತ್ತಿರ ಬರುತ್ತಲೇ ನಡಿಗೆ ಸಣ್ಣದಾಯಿತು. ಬಾಗಿಲ ಹೊರಗೆ ಗಂಡಸಿನ ಚಪ್ಪಲಿ. ಒಳಗಿಂದ ಅವ್ವನ ನಗು ಕೇಳಿಸಿತು. ಬಾಯಿ ತುಂಬ ನಗುತ್ತಿದ್ದಳು. ಅಪ್ಪ ಹೋದಮೇಲೆ ಅವ್ವ ಹಾಗೆ ನಕ್ಕದ್ದು ಮಹಾನಂದಾಳಿಗೆ ನೆನಪಿರಲಿಲ್ಲ.

ಬಾಗಿಲು ನೂಕಿದಳು.

ನೆಲದ ಮೇಲೆ ಗೋಡೆಗೆ ಒರಗಿ ಒಬ್ಬ ಎತ್ತರದ ಗಂಡಸು ಕುಳಿತಿದ್ದ. ತೊಡೆಯ ತುಂಬ ಅವಳ ಹೊದಿಕೆ. ಬಿಸಿಲಿಗೆ ಕಪ್ಪಾದ ದೊಡ್ಡ ಬೆರಳುಗಳ ನಡುವೆ ಕ್ರೋಶಾ ಕಡ್ಡಿ ಎಷ್ಟು ಹಗುರವಾಗಿ ಹೋಗಿಬರುತ್ತಿತ್ತೆಂದರೆ, ಅವಳು ಒಂದು ಗಳಿಗೆ ಸಿಟ್ಟು ಮರೆತು ಅದನ್ನೇ ನೋಡಿದಳು.

ಅವನು ತಲೆ ಎತ್ತಿದ. ಕಣ್ಣಿಗೆ ಕಣ್ಣು ಸೇರಿತು. ಅವನ ಕಿವಿ ಮೊದಲು ಕೆಂಪಾದವು, ಆಮೇಲೆ ಮುಖ.

“ಯಾರ್ರಿ ನೀವು?”

“ಹಣಮೇಶ ರೀ. ದನದ ದವಾಖಾನ್ಯಾಗ ಕಂಪೌಂಡರ್ ಅದೀನಿ. ಕಕ್ಕೇರಾದಾಂವ.” ಏಳಲು ಹೋದ. ಹೊದಿಕೆ ಜಾರೀತೆಂದು ಮತ್ತೆ ಕುಳಿತ. “ನಿಮ್ಮ ಆಡಿಗಿ ಹೊಟ್ಟಿ ಉಬ್ಬಿತ್ತಲ್ರಿ, ಆವಾಗ ಬಂದಿದ್ದೆ.”

“ಆಡು ಹುಷಾರಾಗಿ ಎರಡ ತಿಂಗಳಾತು.”

“ಹೌದ್ರಿ.”

“ಮತ್ತ ಈಗ ಯಾರಿಗಿ ಔಷಧ ಕೊಡಾಕತ್ತೀರಿ?”

ಶಾಂತಾದೇವಿ ನಡುವೆ ಬಾಯಿ ಹಾಕಿದಳು. “ನಂದು ಮೊಣಕಾಲು ನೋವು, ಒಬ್ಬಾಕಿನೇ ಇರ್ತೀನಂತ ಊಟದ ಹೊತ್ತಿಗಿ ಬಂದು ಮಾತಾಡ್ಸಿ ಹೋಗ್ತಾನವ್ವ. ಒಳ್ಳೆ ಹುಡುಗ ಅದಾನ.”

“ಒಳ್ಳೆಯವ್ರು ಯಾಕ ಕದ್ದು ಬರ್ತಾರ? ನಿನಗ ಯಾಕ ಸುಳ್ಳು ಹೇಳಾಕ ಹಚ್ಯಾರ?”

“ಹೇಳಬ್ಯಾಡ್ರಿ ಅಂತ ನಾನೇ ಅಂದಿದ್ದೆ ರೀ,” ಎಂದ ಅವನು. ಎದ್ದು ನಿಂತು ಹೊದಿಕೆಯನ್ನು ಎರಡೂ ಕೈಯಿಂದ ಮಡಚಿ, ನಿದ್ದೆಯಲ್ಲಿದ್ದ ಕೂಸನ್ನು ಮಲಗಿಸುವ ಹಾಗೆ ಮಂಚದ ಮೇಲಿಟ್ಟ. ಬಗ್ಗಿದಾಗ ಅಂಗಿಯ ಜೇಬಿನಿಂದ ಏನೋ ಜಾರಿ ಅವಳ ಪಾದದ ಹತ್ತಿರ ಬಿತ್ತು.

ಒಂದು ಪುಟ್ಟ ಟೋಪಿ. ಕೆನೆ ಬಣ್ಣದ್ದು, ಅರ್ಧ ಹೆಣೆದದ್ದು. ಆರು ತಿಂಗಳ ಕೂಸಿನ ಅಳತೆ.

ಮಹಾನಂದಾಳಿಗೆ ಬೈಕಿನ ಡಿಕ್ಕಿ, ಅದರೊಳಗಿನ ಫ್ರಾಕು ಕಣ್ಣಮುಂದೆ ಬಂತು. “ಇದು ಯಾರದು?”

“ನಮ್ಮ ತಂಗಿ ಕೂಸಿಂದು ರೀ.”

ಅದೇ ಮಾತು. ಅವಳಿಗೆ ನಗು ಬಂತು, ಕೆಟ್ಟ ನಗು. “ಎಲ್ಲಾರಿಗೂ ತಂಗೀನೇ ಇರ್ತಾಳ. ಹೋಗ್ರಿ. ಇನ್ನೊಮ್ಮೆ ಈ ಹೊಚ್ಚಲ ತುಳೀಬ್ಯಾಡ್ರಿ.”

ಅವನು ಶಾಂತಾದೇವಿಯ ಕಡೆ ನೋಡಿದ. ಟೋಪಿಯನ್ನು ಎತ್ತಿಕೊಂಡು, “ತಪ್ಪಾತ್ರಿ,” ಎಂದು ಹೊರಟುಹೋದ.

ಅವನು ಓಣಿ ದಾಟುವಷ್ಟರಲ್ಲಿ ಮಹಾನಂದಾ ನೀಲಿ ದಾರದ ತುದಿ ಹಿಡಿದು ಎಳೆದಿದ್ದಳು. ಅವನು ಹೆಣೆದ ಸಾಲುಗಳು, ಅವುಗಳ ಹಿಂದೆ ಅವಳವೆರಡೂ, ಒಂದೊಂದಾಗಿ ಬಿಚ್ಚಿ ಅವಳ ಮಡಿಲಲ್ಲಿ ಸುರುಳಿಯಾದವು. ಅವ್ವ ನೋಡುತ್ತಿದ್ದಳು. ಹೊಳೆ ಹೋಯಿತು. ಗುಡ್ಡದ ಮೇಲೆ ಖಾಲಿ ಅಂಚು ಉಳಿಯಿತು.

ನಾಲ್ಕು ಸಂಜೆ ಕುಳಿತು ಹೆಣೆದಳು. ಅವನ ಸಾಲು ಹೇಗಿತ್ತೆಂದು ನೆನಪು ಮಾಡಿಕೊಂಡು ಹೆಣೆದಳು. ಮತ್ತೆ ಉತ್ತ ಹೊಲವೇ ಬಂತು. ಐದನೆಯ ಸಂಜೆ ಎಲ್ಲ ಬಿಚ್ಚಿ ಕಡ್ಡಿಯನ್ನು ಮೂಲೆಗೆ ಎಸೆದಳು.

ಆಗ ಶಾಂತಾದೇವಿ ಮಾತಾಡಿದಳು. “ಎರಡ ತಿಂಗಳು ಅಂವ ಬರೇ ನೋಡ್ಯಾನ. ಮುಟ್ಟಿಲ್ಲ. ನೀ ಮೂರು ಸಲ ಬಿಚ್ಚಿದ್ದಿ ಅಂತ ನಾನೇ ಹೇಳಿದೆ. ನಾನೇ ಅವನ ಕೈಯಾಗ ಕಡ್ಡಿ ಕೊಟ್ಟೀನಿ. ಬೈಯೋದಿದ್ರ ನನಗ ಬೈ.”

“ಕೂಸಿನ ಟೋಪಿ?”

“ಅವನ ತಂಗಿ ಲಕ್ಷ್ಮಿ ಬಾಣಂತನಕ್ಕ ಬಂದಾಳ.”

“ನೀ ನೋಡೀಯೇನು?”

“ನನಗ ನೋಡೋದು ಬೇಕಾಗಿಲ್ಲ. ನಿನಗ ಬೇಕಾದ್ರ ಹೋಗಿ ನೋಡು.”

ಭಾನುವಾರ ಅವಳು ನಿಜಕ್ಕೂ ಹೊರಟಳು. ಆಧಾರ್ ಕಾರ್ಡು ತೋರಿಸಿ ಜೀರೋ ಟಿಕೆಟ್ ಹರಿಸಿಕೊಂಡು ಕಕ್ಕೇರಾ ಬಸ್ಸಿನ ಕಿಟಕಿಗೆ ಕುಳಿತಳು. ಕೈಚೀಲದಲ್ಲಿ ಹೊದಿಕೆ ಇತ್ತು. ಯಾಕೆ ತಂದೆ ಎಂದು ತನ್ನನ್ನೇ ಕೇಳಿಕೊಂಡಳು. ಹೊಳೆ ಹೆಣೆಯುವ ರೀತಿ ಕೇಳಲು, ಅಷ್ಟೇ. ಬೇರೆ ಏನೂ ಇಲ್ಲ. ಹಾಗೆ ಅಂದುಕೊಂಡವಳು ಕಿಟಕಿಯ ಗಾಜಿನಲ್ಲಿ ಕೂದಲು ಸರಿಮಾಡಿಕೊಂಡು, ಅದಕ್ಕೂ ತನ್ನ ಮೇಲೆಯೇ ಅನುಮಾನಪಟ್ಟಳು.

ಊರ ಹೊರಗೆ ಮುಳ್ಳುಬೇಲಿಯ ಕುರಿ ದೊಡ್ಡಿ, ಅದರ ಪಕ್ಕದಲ್ಲಿ ತಗಡಿನ ಮನೆ. ಕಟ್ಟೆಯ ಮೇಲೆ ದುಂಡು ಮುಖದ ಹೆಂಗಸೊಬ್ಬಳು ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ಕೂಸಿನ ತಲೆಯ ಮೇಲೆ ಅದೇ ಕೆನೆ ಬಣ್ಣದ ಟೋಪಿ, ಈಗ ಪೂರ್ತಿಯಾಗಿತ್ತು.

ಮಹಾನಂದಾ ಕಟ್ಟೆಯ ಹತ್ತಿರ ನಿಂತಳು. “ಹಣಮೇಶ ಅವ್ರ ಮನಿ ಇದೇ ಏನ್ರಿ?”

“ಹೌದ್ರಿ ಅಕ್ಕಾರ. ಅಣ್ಣ ಕುರಿ ಹೊಡ್ಕೊಂಡು ತಿಂಥಣಿ ಹೊಳಿ ದಂಡಿಗಿ ಹೋಗ್ಯಾನ. ಆಯಿತ್ವಾರ ಅವನದೇ ಪಾಳಿ.”

“ಅಣ್ಣ ಅಂದ್ರ… ಸ್ವಂತ ಅಣ್ಣ?”

ಹೆಂಗಸು ಎಣ್ಣೆಯ ಕೈ ನಿಲ್ಲಿಸಿ ನೋಡಿದಳು. ಕಣ್ಣಲ್ಲಿ ನಗು ಚಿಮ್ಮಿತು. “ಒಂದೇ ಹೊಟ್ಟ್ಯಾಗ ಹುಟ್ಟೀವಿ ರೀ. ಮೂಗು ನೋಡ್ರಿ, ಇಬ್ಬರದೂ ಬದನಿಕಾಯಿ.” ಒಳಗೆ ಗೋಡೆಗಿದ್ದ ಮದುವೆಯ ಫೋಟೋ ತೋರಿಸಿದಳು. ವರ ಬೇರೆಯವನು. ಪಕ್ಕದಲ್ಲಿ ರುಮಾಲು ಸುತ್ತಿ, ತಂಗಿಯನ್ನು ಕಳಿಸುವ ಸಂಕಟಕ್ಕೆ ಅಳುಮೋರೆ ಮಾಡಿಕೊಂಡು ನಿಂತವನು ಹಣಮೇಶ.

“ಮತ್ತ ನಿಮ್ಮ ಅತ್ತಿಗಿ?” ಕೇಳಬಾರದೆಂದಿದ್ದಳು, ಬಾಯಿ ಕೇಳಿಬಿಟ್ಟಿತು.

“ಅತ್ತಿಗೀನ ಹುಡುಕಾಕತ್ತೀವಿ ರೀ,” ಎಂದಳು ಲಕ್ಷ್ಮಿ, ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತ. “ಸುರಪುರದಾಗ ಒಬ್ರು ಅದಾರಂತ. ಬಕ್ಕಳ ಶಕ್ ಮಾಡ್ತಾರಂತ. ನೀವೇನಾದ್ರೂ ಕಂಡೀರೇನು?”

ಮಹಾನಂದಾ ಚೀಲ ಎತ್ತಿಕೊಂಡು ಹೊರಬಿದ್ದಳು. ತಿಂಥಣಿಯವರೆಗೂ ಟಂಟಂ ಆಟೋದಲ್ಲಿ ಅವಳ ಕೆನ್ನೆ ಉರಿಯುತ್ತಿತ್ತು.

ಮೌನೇಶ್ವರನ ಗುಡಿ ದಾಟಿ ದಂಡೆಗೆ ಬಂದರೆ ಹೊಳೆ ಬಿಸಿಲಲ್ಲಿ ಹೊಳೆಯುತ್ತಿತ್ತು. ಜಾಲಿಮರದ ನೆರಳಲ್ಲಿ ಹಣಮೇಶ ಕಂಬಳಿ ಹಾಸಿ ಕುಳಿತಿದ್ದ. ಕುರಿಗಳು ಸುತ್ತ ಮಲಗಿದ್ದವು. ಅವಳನ್ನು ಕಂಡು ಎದ್ದವನ ಕೈಯಿಂದ ಉಲ್ಲನ್ ಉಂಡೆ ಬಿದ್ದು ಕುರಿಗಳ ಕಾಲಡಿ ಉರುಳಿಹೋಯಿತು.

“ಟೋಪಿ ನೋಡಿ ಬಂದೆ,” ಎಂದಳು.

“ಬರೋಬ್ಬರಿ ಆಗ್ಯಾದೇನ್ರಿ?”

“ಕಿವಿ ಮ್ಯಾಲ ಜರಾ ಸಡ್ಲ ಅದ.” ಆಮೇಲೆ ದನಿ ಇಳಿಸಿದಳು. “ನಿಮಗ ಅನ್ನಬಾರದ್ದು ಅಂದೆ. ಆದ್ರ ನೀವು ಯಾಕ ಮುಚ್ಚಿಟ್ರಿ? ಅದನ್ನ ಹೇಳ್ರಿ ಮೊದಲು.”

ಅವನು ಹೊಳೆಯ ಕಡೆ ನೋಡುತ್ತ ಹೇಳಿದ. ಮುತ್ಯಾ ಸಾಬಣ್ಣ ಕುರಿ ಕಾಯುತ್ತ ಉಣ್ಣೆ ನೂಲುತ್ತಿದ್ದ. ಮೊಮ್ಮಗನಿಗೆ ಛತ್ರಿಯ ಕಡ್ಡಿಯನ್ನು ಕಲ್ಲಿಗೆ ತಿಕ್ಕಿ ಕೊಕ್ಕೆ ಮಾಡಿಕೊಟ್ಟಿದ್ದ. ಅಡವಿಯಲ್ಲಿ ಅದನ್ನು ಯಾರೂ ಹೆಂಗಸರ ಕೆಲಸ ಅಂದಿರಲಿಲ್ಲ. ಓದಲು ಹಾಸ್ಟೆಲಿಗೆ ಹೋದಾಗ ಪೆಟ್ಟಿಗೆಯಲ್ಲಿ ಕೊಕ್ಕೆ ಕಂಡ ಹುಡುಗರು ಅವನನ್ನು ಹಿಡಿದು ಎರಡೂ ಕೈಗೆ ಬಳೆ ತೊಡಿಸಿ ಅಂಗಳದ ತುಂಬ ತಿರುಗಿಸಿದ್ದರು.

“ಅವತ್ತಿನಿಂದ ಮಂದಿ ಮುಂದ ಹೆಣ್ದಿಲ್ರಿ. ನಿಮ್ಮ ಗುಡ್ಡ ನೋಡಿ ಕೈ ತಡೀಲಿಲ್ಲ.”

“ಎರಡ ತಿಂಗಳು ತಡ್ಕೊಂಡೀರಂತ.”

“ಆವಾಗ ಬರೇ ಓದಾಕತ್ತಿದ್ದೆ.”

“ಏನ ಓದಿದ್ರಿ?”

ಅವನು ಸಂಕೋಚದಿಂದ ಕೈ ಚಾಚಿದ. ಅವಳು ಚೀಲದಿಂದ ಹೊದಿಕೆ ತೆಗೆದು ಕೊಟ್ಟಳು. ಅವನ ಬೆರಳು ಹತ್ತಿಯ ಸಾಲಿನ ಮೇಲೆ ಸರಿಯಿತು. “ಇಲ್ಲಿ ನೀವು ಖುಷಿಯಾಗಿದ್ರಿ, ದಾರ ಹಗುರ ಓಡ್ಯಾದ. ಇಲ್ಲಿ ಅವಸರ. ಇಲ್ಲಿ ಯಾರ ಮ್ಯಾಲೋ ಸಿಟ್ಟು ಬಂದದ, ಕುಣಿಕಿ ಬಿಗಿ ಆಗ್ಯಾವ.” ಗುಡ್ಡದ ನಡುವೆ ಒಂದು ಸಾಲಿನ ಮೇಲೆ ಬೆರಳು ನಿಂತಿತು. “ಈ ಸಾಲಿನ್ಯಾಗ ಕಡ್ಡಿನೂ ತೂರಂಗಿಲ್ಲ. ಅವತ್ತ ನೀವು ಅತ್ತೀರಿ ಅನ್ನಿಸ್ತು. ಇದನ್ನ ನೋಡಿದ್ದ ದಿನ ನನಗ ರೊಟ್ಟಿ ಇಳೀಲಿಲ್ಲ.”

ಶಹಾಪುರದವನು ಮತ್ತೊಂದು ಹುಡುಗಿಯನ್ನು ಗೊತ್ತು ಮಾಡಿಕೊಂಡನೆಂದು ಕೇಳಿದ ದಿನದ ಸಾಲು ಅದು. ಅವನಿಗಾಗಿ ಅತ್ತಿರಲಿಲ್ಲ. ಆ ಹೊಸ ಹುಡುಗಿಗೆ ಯಾರೂ ಹೇಳುವವರಿಲ್ಲವಲ್ಲ ಎಂದು ಅತ್ತಿದ್ದಳು. ಅವ್ವನಿಗೂ ಗೊತ್ತಾಗದಂತೆ, ತಲೆ ಬಗ್ಗಿಸಿ, ಹೆಣೆಯುತ್ತ.

ಮುಖ ನೋಡದ ಒಬ್ಬ ಮನುಷ್ಯ ಅದನ್ನು ಕಂಡಿದ್ದ.

“ನೀವು ಹೆಣ್ದಿದ್ದು ನಾ ಬಿಚ್ಚೀನಿ,” ಎಂದಳು ಕೊನೆಗೆ.

“ಗೊತ್ತಾತ್ರಿ. ಅಂಚು ಖಾಲಿ ಅದ.”

“ಸಿಟ್ಟು ಬರಲಿಲ್ಲೇನು?”

“ಬಂತು. ಈಗ ನೀವು ಬಂದೀರಿ, ಹೋತು.” ಅವನು ಅವಳ ಕಣ್ಣಿಗೆ ಕಣ್ಣಿಟ್ಟು ನೋಡಿದ, ತಕ್ಷಣ ಕುರಿಯ ಕಡೆ ತಿರುಗಿದ. “ಬರ್ರಿ, ನೀರು ನೋಡ್ರಿ. ಕುಣಿಕಿ ಮ್ಯಾಲ ನೆಟ್ಟಗ ನಿಂತ ಈ ಕಂಬ ಅದಾವಲ್ರಿ, ನೀವು ಎಲ್ಲಾ ಕಂಬಕ್ಕೂ ಕಡ್ಡಿ ಮುಂದಿನಿಂದ ಹಾಕ್ತೀರಿ. ಅದಕ್ಕ ಸಾಲು ಎದ್ದು ನಿಲ್ತಾವ. ನೀರು ಬರೇ ಮುಂದ ಹೋಗಂಗಿಲ್ಲ. ಅಲ್ಲಿ ಬಂಡಿಗಲ್ಲ ಹತ್ರ ನೋಡ್ರಿ, ಒಂದು ಅಲಿ ಏಳ್ತದ, ಬಾಜೂಕಿಂದು ಹಿಂದಕ್ಕ ಜಾರ್ತದ. ಒಂದು ಕಂಬ ಮುಂದಿನಿಂದ ಹಿಡೀರಿ, ಒಂದು ಹಿಂದಿನಿಂದ. ಮುಂದಿನ ಸಾಲಿನ್ಯಾಗ ಒಂದ್ ಕುಣಿಕಿ ಸರಿಸ್ರಿ.”

ಅವಳು ಕಂಬಳಿಯ ಅಂಚಿಗೆ ಕುಳಿತು ಹೆಣೆದಳು. ಮೊದಲ ಸಲ ತಪ್ಪಿತು. ಎರಡನೆಯ ಸಲ ತಪ್ಪಿದಾಗ ಅವನು ಕಡ್ಡಿಯ ತುದಿಯನ್ನಷ್ಟೇ ಹಿಡಿದು ದಿಕ್ಕು ತಿರುಗಿಸಿದ. ಬೆರಳು ಬೆರಳಿಗೆ ತಾಗಲಿಲ್ಲ, ತಾಗದಿದ್ದದ್ದು ಇಬ್ಬರಿಗೂ ಗೊತ್ತಾಯಿತು. ಮೂರನೆಯ ಸಲ ಗುಡ್ಡದ ನೆತ್ತಿಯ ಮೇಲೆ ಬೆರಳುದ್ದ ನೀರು ಅಲುಗಿತು.

ಅವಳು ಕಡ್ಡಿ ಕೆಳಗಿಟ್ಟಳು. “ನನಗ ಶಕ್ ಬರೋದು ನಿಲ್ಲಂಗಿಲ್ಲ. ಮೊದಲೇ ಹೇಳ್ತೀನಿ.”

“ಬರಲಿ ರೀ. ಬಂದಾಗ ಕೇಳ್ರಿ. ನಾ ಹೇಳ್ತೀನಿ.”

“ಅಷ್ಟ ಸಾಲಂಗಿಲ್ಲ. ಇನ್ನ ಬರೋದಿದ್ರ ನಾ ಇದ್ದಾಗ ಬರ್ರಿ. ಒಳಗ ಬ್ಯಾಡ, ಹೊರಗ ಕಟ್ಟಿ ಮ್ಯಾಲ ಕುಂದರ್ರಿ. ಇಡೀ ಓಣಿ ನೋಡ್ಲಿ. ಹೊಳಿ ನೀವೇ ಹೆಣೀರಿ.”

ಅವನ ಮುಖದ ಬಣ್ಣ ಇಳಿಯಿತು. ತನ್ನ ಮಣಿಕಟ್ಟನ್ನು, ಬಳೆ ತೊಡಿಸಿದ್ದ ಜಾಗವನ್ನು, ಇನ್ನೊಂದು ಕೈಯಿಂದ ಹಿಡಿದುಕೊಂಡ. ಅವಳು ಬಸ್ಸು ಹತ್ತಿದಾಗಲೂ ಅವನು ಬರುತ್ತಾನೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

ಮುಂದಿನ ಭಾನುವಾರ ಅವಳು ಬೆಳಿಗ್ಗೆಯೇ ಕಟ್ಟೆ ಸಾರಿಸಿದಳು. ಹತ್ತಾಯಿತು. ಹನ್ನೊಂದಾಯಿತು. ಓಣಿಯಲ್ಲಿ ಹೆಂಗಸರು ಭಾಂಡೆ ತಿಕ್ಕಿ ಮುಗಿಸಿದರು. ನನಗೆ ಗೊತ್ತಿತ್ತು, ಅಂದುಕೊಂಡಳು ಅವಳು. ನದಿ ದಂಡೆಯ ಮೇಲೆ ಯಾರು ಬೇಕಾದರೂ ಚೆಂದ ಮಾತಾಡುತ್ತಾರೆ. ಬಾಗಿಲು ಹಾಕಲು ಎದ್ದಳು.

ಅವನು ಓಣಿಯ ತಿರುವಿನಲ್ಲಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ನಡಿಗೆ ಇಂಜಕ್ಷನ್ನಿಗೆ ಹೆದರಿದ ಎಮ್ಮೆಯ ಹಾಗೆ. ಬಂದು ಕಟ್ಟೆಯ ಮೇಲೆ ಕುಳಿತ. ಅವಳು ಹೊದಿಕೆ ತಂದು ಅವನ ತೊಡೆಯ ಮೇಲೆ ಹರವಿ ಬಾಗಿಲಲ್ಲಿ ನಿಂತಳು.

ಕಡ್ಡಿ ಓಡತೊಡಗಿತು. ನೀರು ತುಂಬುತ್ತಿದ್ದ ಹೆಂಗಸರ ಕೈ ನಿಂತವು. ಎದುರು ಮನೆಯ ಭೀಮು ಹಲ್ಲುಜ್ಜುತ್ತ ಹೊರಬಂದು, ನೋಡಿ, ಉಗುಳಿ, ಜೋರಾಗಿ ನಕ್ಕ. “ಏನಪಾ ಕಂಪೌಂಡರಾ! ಸೀರಿನೂ ಉಡ್ತಿಯೇನು?”

ಓಣಿ ನಕ್ಕಿತು. ಹಣಮೇಶನ ಕಿವಿ ಕೆಂಪಾದವು. ಕಡ್ಡಿ ನಿಂತಿತು. ಅವನು ಎದ್ದು ಹೋಗುತ್ತಾನೆ, ಈಗ ಹೋಗುತ್ತಾನೆ ಎಂದುಕೊಂಡಳು ಅವಳು.

ಅವನು ದಾರವನ್ನು ಬೆರಳಿಗೆ ಸುತ್ತಿಕೊಂಡು ಮುಂದಿನ ಕಂಬ ಹಿಡಿದ. “ಇಲ್ಲಪಾ ಭೀಮು. ಹೊಳಿ ಹೆಣ್ಯಾಕತ್ತೀನಿ. ನೀರು ಬೇಕಾದ್ರ ಬಾ, ಮುಖ ತೊಳ್ಕೋ.”

ಈ ಸಲದ ನಗು ಭೀಮುವಿನ ಕಡೆ ತಿರುಗಿತು.

ಮಹಾನಂದಾ ಬಾಗಿಲು ಬಿಟ್ಟು ಬಂದು ಕಟ್ಟೆಯ ಮೇಲೆ, ಹೊದಿಕೆಯ ಇನ್ನೊಂದು ತುದಿಗೆ ಕುಳಿತಳು. ಹಳದಿ ದಾರ ತೆಗೆದು ತೊಗರಿ ಹೂವಿನ ಅಂಚಿಗೆ ಇನ್ನೊಂದು ಸಾಲು ಹಿಡಿದಳು. ಇಬ್ಬರ ನಡುವೆ ಹತ್ತಿಯೂ ಗುಡ್ಡವೂ ಬಿಸಿಲಲ್ಲಿ ಬಿದ್ದುಕೊಂಡಿದ್ದವು.

ಅಖ್ತರಬೇಗಂ ಗೋಡೆಯ ಮೇಲೆ ಮೊಣಕೈ ಊರಿದಳು. “ಮಾಶಾ ಅಲ್ಲಾ! ಮುಗದ ಮ್ಯಾಲ ಇದು ಯಾರ ಮನಿಗಿ ಹೋಗ್ತದ ಬೇಟಿ?”

ಹಣಮೇಶ ತಲೆ ಬಗ್ಗಿಸಿದ್ದ. ಆದರೆ ಅವನ ಕೈ ಮತ್ತೆ ನಿಂತದ್ದು ಅವಳಿಗೆ ಕಂಡಿತು. ಒಳಗೆ ಅವ್ವನ ಒರಳಿನ ಸಪ್ಪಳವೂ ನಿಂತಿತ್ತು.

ಮಹಾನಂದಾ ಒಂದು ಹೂವು ಮುಗಿಸಿ ಮುಂದಿನದಕ್ಕೆ ದಾರ ಎಳೆದುಕೊಂಡಳು.

“ಕಕ್ಕೇರಾಕ್ಕ ಚಾಚಿ,” ಎಂದಳು. “ನಾನೇ ಹೊತ್ಕೊಂಡು ಹೋಗ್ತೀನಿ.”